ಬೆಕ್ಕಿನ ಕಜ್ಜಿಗೆ ಎಮ್ಮೆಯ ಔಷಧಿ ಬೇಡ

ನಮ್ಮ ಸುಳ್ಳ ಗ್ರಾಮದಲ್ಲಿ ಬೆಕ್ಕು ಸಾಕುವುದು ಶೋಕಿಗಲ್ಲ. ಮನೆ ತುಂಬ ಶೇಂಗಾ, ಜೋಳ, ಹೆಸರಿನ ಚೀಲಗಳು. ಹಗೇವು ಹೋದರೂ ಇಲಿ ಹೋಗಿಲ್ಲ. ಅವನ್ನು ಕಾಯುವ ಬೆಕ್ಕಿಗೆ ಸಂಬಳ ಒಂದು ಬಟ್ಟಲು ಹಾಲು. ಆದರೆ ಅದರ ಮೈಮೇಲೆ ನಾಲ್ಕು ಹಕ್ಕಳೆ ಕಂಡವೋ, ನೌಕರಿ ಹೋದಂತೆಯೇ. ‘ಕಜ್ಜಿ ಹತ್ತೇತಿ, ಚೀಲದಾಗ ಹಾಕ್ಕೊಂಡು ಹೊಲದ ಕಡೆ ಬಿಟ್ ಬಾ’ ಎನ್ನುತ್ತಾರೆ.

ಈ ಮಳೆಗಾಲದಲ್ಲಿ ನಮ್ಮ ಬೂದಿಗೂ ಅದೇ ಗತಿ ಬರುವುದರಲ್ಲಿತ್ತು. ಮೊದಲು ಕಿವಿಯ ಅಂಚು ಒರಟಾಯಿತು. ವಾರದಲ್ಲಿ ಹಣೆ, ಕಣ್ಣಿನ ಮೇಲೆಲ್ಲ ದಪ್ಪ ಬೂದುಬಣ್ಣದ ಹಕ್ಕಳೆ. ಕೆರೆದು ಕೆರೆದು ರಕ್ತ. ಅದರ ಮರಿ ಕರಿಯನೂ ಬೆನ್ನು ಕಚ್ಚಿಕೊಳ್ಳತೊಡಗಿದ. ಬೂದಿಯನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವ ಅಜ್ಜಿಯ ಮುಂಗೈಯಲ್ಲೂ ತುರಿಕೆ ಶುರುವಾದಾಗ ಪಕ್ಕದ ಮನೆಯ ಕಾಕಾ ಪರಿಹಾರ ಹೇಳಿದರು: ‘ಎಮ್ಮಿ ಉಣ್ಣಿಗೆ ಹಚ್ಚೋ ಔಷಧಿ ನಮ್ಮಲ್ಲೇ ಐತಿ, ಒಂದೀಟು ಹಚ್ಚಿಬಿಡು.’

ನಾನು ಬೇಡವೆಂದೆ. ಹೋದ ವರ್ಷ ನಮ್ಮ ಓಣಿಯಲ್ಲೇ ಒಂದು ಬೆಕ್ಕು ಹೀಗೆ ಹಚ್ಚಿಸಿಕೊಂಡು, ಸಂಜೆಯವರೆಗೆ ನಡುಗಿ ಸತ್ತಿದ್ದನ್ನು ನೋಡಿದ್ದೆ.

ಕಾರಣ ಬೆಕ್ಕಿನ ಪಿತ್ತಜನಕಾಂಗದಲ್ಲಿದೆ. ಮನುಷ್ಯ, ನಾಯಿ, ಎಮ್ಮೆಗಳ ದೇಹ ಕೆಲವು ವಿಷಗಳಿಗೆ ಸಕ್ಕರೆಯಂಥ ಒಂದು ಅಂಶವನ್ನು ಜೋಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಆ ಜೋಡಣೆ ಮಾಡುವ ಕಿಣ್ವ ಬೆಕ್ಕಿನಲ್ಲಿ ತೀರಾ ದುರ್ಬಲ. ಪರ್ಮೆಥ್ರಿನ್ ಜಾತಿಯ ಉಣ್ಣೆ ಔಷಧಿಗಳು ಒಳಗೇ ಉಳಿದು ನರಗಳನ್ನು ಕೆರಳಿಸುತ್ತವೆ. ನಡುಕ, ಸೆಳೆತ ಬರುತ್ತದೆ. ಫಿನಾಯಿಲ್, ಡೆಟ್ಟಾಲ್ ತರಹದ ದ್ರವಗಳೂ ಅಷ್ಟೇ ಅಪಾಯ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು. ಮೇಲಾಗಿ ಬೆಕ್ಕು ತನ್ನ ಮೈ ತಾನೇ ನೆಕ್ಕಿ ತೊಳೆಯುವ ಪ್ರಾಣಿ. ಅದರ ಮೈಗೆ ಹಚ್ಚಿದ್ದು ಅಂದರೆ ಅದಕ್ಕೆ ತಿನ್ನಿಸಿದ್ದು ಅಂತಲೇ ಅರ್ಥ. ಸೀಮೆಎಣ್ಣೆಗೂ ಈ ಮಾತು ಸಲ್ಲುತ್ತದೆ.

ಬುಟ್ಟಿಯಲ್ಲಿ ಕೂರಿಸಿ ಟವೆಲ್ ಮುಚ್ಚಿ ಇಬ್ಬರನ್ನೂ ಹುಬ್ಬಳ್ಳಿ ಬಸ್ ಹತ್ತಿಸಿದೆ. (ಕಂಡಕ್ಟರ್ ಕೋಳಿ ಎಂದುಕೊಂಡರು, ಬೂದಿ ದಾರಿಯುದ್ದಕ್ಕೂ ತಾನು ಕೋಳಿಯಲ್ಲವೆಂದು ಕೂಗಿ ಹೇಳಿತು.) ಪಶುವೈದ್ಯರು ಬೂದಿಯ ಕಿವಿಯಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಆ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ದುಂಡನೆಯ, ಗಿಡ್ಡ ಕಾಲಿನ ನುಸಿ. ಹೆಸರು ನೋಟೋಎಡ್ರಿಸ್ ಕ್ಯಾಟಿ. ಮನುಷ್ಯರ ಕಜ್ಜಿ ನುಸಿಯ ಸಂಬಂಧಿ. ಚರ್ಮದಲ್ಲಿ ಸುರಂಗ ತೋಡಿ ಮೊಟ್ಟೆ ಇಡುತ್ತದೆ. ಮೊಟ್ಟೆ ಬೆಳೆದು ದೊಡ್ಡ ನುಸಿಯಾಗಲು ಸುಮಾರು 3 ವಾರ. ಆದ್ದರಿಂದಲೇ ಔಷಧಿಯನ್ನು ಒಮ್ಮೆ ಕೊಟ್ಟು ಬಿಡುವಂತಿಲ್ಲ, ತೂಕ ನೋಡಿ ಅಳತೆ ಹಾಕಿ, ವೈದ್ಯರು ಹೇಳಿದ ದಿನಕ್ಕೆ ಮತ್ತೆ ಕೊಡಿಸಬೇಕು. ಮನೆಯ ಎಲ್ಲ ಬೆಕ್ಕುಗಳಿಗೂ ಕೊಡಿಸಬೇಕು. ಅಜ್ಜಿಯ ಕೈಗೆ ಹತ್ತಿದ್ದೂ ಇದೇ. ಮನುಷ್ಯರ ಮೈಯಲ್ಲಿ ಇದು ಸಂಸಾರ ಹೂಡಲಾರದು. ಬೆಕ್ಕು ವಾಸಿಯಾದರೆ ತುರಿಕೆ ತಾನಾಗಿ ಇಳಿಯುತ್ತದೆ. ಇಳಿಯಿತು ಕೂಡ.

ಆದರೆ ಕರಿಯನ ಬೆನ್ನಿನದು ಬೇರೆಯೇ ಕಥೆ. ಬಾಲದ ಬುಡದಲ್ಲಿ ನವಣೆ ಕಾಳಿನಂಥ ಸಣ್ಣ ಸಣ್ಣ ಹಕ್ಕಳೆ. ವೈದ್ಯರು ಹೇನಿನ ಹಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದರು. ಸುತ್ತ ಕೆಂಪು ಹರಡಿತು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಕರಿಯನದೇ ರಕ್ತ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ಬೆಕ್ಕಿಗೆ ನಾಲ್ಕಾರು ಕಡಿತವೇ ಸಾಕಂತೆ. ಈ ಹಣಿಗೆ ಪರೀಕ್ಷೆಯನ್ನು ಯಾರಾದರೂ ಮನೆಯಲ್ಲೇ ಮಾಡಿ ನೋಡಬಹುದು.

ಒಂದೇ ಮನೆ, ಒಂದೇ ಬುಟ್ಟಿ, ಊರವರ ಬಾಯಲ್ಲಿ ಎರಡಕ್ಕೂ ‘ಕಜ್ಜಿ’ ಎಂಬ ಒಂದೇ ಹೆಸರು. ರೋಗ ಮಾತ್ರ ಎರಡು. ಮೂರನೆಯದೂ ಇದೆ: ಕೂದಲು ಉದುರಿ ದುಂಡಗೆ ಬೋಳಾದರೆ ಅದು ಹುಳಕಡ್ಡಿ ಇರಬಹುದು. ಅದು ಹುಳವಲ್ಲ, ಶಿಲೀಂಧ್ರ. ಮಕ್ಕಳಿಗೆ ಬೇಗ ಹತ್ತುತ್ತದೆ. ಔಷಧಿ ಅಂಗಡಿಯ ಸ್ಟೆರಾಯ್ಡ್ ಮುಲಾಮು ಹಚ್ಚಿದರೆ ಇನ್ನಷ್ಟು ಹಬ್ಬಬಹುದು. ಬಿಳಿ ಬೆಕ್ಕಿನ ಕಿವಿತುದಿಯ ಹುಣ್ಣು ಮಾಯದೇ ಉಳಿದರೆ ಬಿಸಿಲಿನಿಂದ ಬರುವ ಕ್ಯಾನ್ಸರ್‌ನ ಗುಮಾನಿಯನ್ನೂ ಪಡಬೇಕು.

ನನ್ನನ್ನು ನಿಜಕ್ಕೂ ಸೋಲಿಸಿದ್ದು ಚಿಗಟ. ಬೆಕ್ಕಿನ ಮೈಮೇಲೆ ಕಾಣುವುದು ಅದರ ಸಂತಾನದ ಸಣ್ಣ ಪಾಲು. ಮೊಟ್ಟೆಗಳು ಉದುರಿ ಕೌದಿ, ಚಾಪೆ, ನೆಲದ ಬಿರುಕು ಸೇರುತ್ತವೆ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಸುಮ್ಮನಿದ್ದು, ಹತ್ತಿರ ಯಾರೋ ನಡೆದಾಡಿದ ಅದುರು, ಮೈಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದಾಗ ಹೊರಗೆ ಜಿಗಿಯುತ್ತದೆ. ನಾವು ಬಿಇ ಹುಡುಗರು ಬ್ರೆಡ್‌ಬೋರ್ಡಿನ ಮೇಲೆ ಇಷ್ಟೇ ಸೆನ್ಸರ್ ಜೋಡಿಸಲು ಇಡೀ ಸೆಮಿಸ್ಟರ್ ಒದ್ದಾಡುತ್ತೇವೆ!

ಹೀಗಾಗಿ ಬೆಕ್ಕಿಗೆಂದೇ ಇರುವ ಚಿಗಟದ ಔಷಧಿಯನ್ನು ಇಬ್ಬರಿಗೂ ಒಂದೇ ದಿನ ನಾಲಿಗೆ ತಲುಪದ ಕತ್ತಿನ ಹಿಂಭಾಗಕ್ಕೆ ಹಾಕಿ, ಕೆಲವು ತಿಂಗಳು ಬಿಡದೆ ಮುಂದುವರಿಸಬೇಕು. ಜೊತೆಗೆ ಮೂಲೆಮೂಲೆ ಗುಡಿಸಬೇಕು, ಹಾಸಿಗೆ ಬಿಸಿನೀರಲ್ಲಿ ಒಗೆಯಬೇಕು. ‘ವಾರಾ ವಾರಾ ಒಗದ್ರ ಕೌದಿ ಹರೀತೈತಿ’ ಎಂಬುದು ಅಜ್ಜಿಯ ತಕರಾರು. ಹರಿದರೆ ಹೊಲಿದುಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಬರುವ ಭಾನುವಾರ ಬಿಸಿಲು ಬಿದ್ದರೆ ಸಾಕು.