ಬೆಂಕಿಗೆ ಗಟ್ಟಿ, ಗೀರಿಗೆ ಮೆತ್ತಗೆ: ಬಳಪದ ಕಲ್ಲಿನ ಒಲೆ

ಬೇಲೂರಿನ ಮದನಿಕೆಯರ ಬಳೆ, ಡಾಬು, ಜಡೆಯ ಎಳೆಗಳನ್ನು ಅಷ್ಟು ಸಣ್ಣಗೆ ಕೊರೆಯಲು ಸಾಧ್ಯವಾದದ್ದು ಕಲ್ಲು ಬಳಪದ ಕಲ್ಲಾಗಿದ್ದರಿಂದ. ಅದೇ ಜಾತಿಯ ಕಲ್ಲನ್ನು ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಜನ ಮನೆಯೊಳಗಿನ ಕಟ್ಟಿಗೆ ಒಲೆಗೆ ಹಚ್ಚಿದರು. ಹಿಮ ಬೀಳುವ ಊರುಗಳವು. ಒಲೆಯ ಮೊದಲ ಕೆಲಸ ಮನೆಯನ್ನು ಬೆಚ್ಚಗಿಡುವುದು, ಅಡುಗೆ ಆಮೇಲೆ. ಈ ಸರದಿಯನ್ನು ಮರೆತವರೇ ಹೆಚ್ಚಾಗಿ ಒಲೆಯನ್ನು ಕೆಡಿಸಿಕೊಳ್ಳುವುದು.

ಆ ಸೀಮೆಯ ಅಡುಗೆಗೂ ಈ ಕಲ್ಲಿಗೂ ಹಳೆಯ ನಂಟು. ಮಡಕೆ ಬಳಕೆಗೆ ಬರುವ ಮುಂಚೆಯೇ, ಮೂರು ಸಾವಿರ ವರ್ಷಗಳಿಗೂ ಹಿಂದೆ, ಅಲ್ಲಿನ ಮೂಲನಿವಾಸಿಗಳು ಇದನ್ನು ಕೊರೆದು ಬೋಗುಣಿ ಮಾಡಿಕೊಳ್ಳುತ್ತಿದ್ದರು. 19ನೇ ಶತಮಾನದಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಫ್ರಾನ್ಸಿಸ್‌ಟೌನ್ ಕ್ವಾರಿಯ ಕಲ್ಲು ಹೆಸರಾಯಿತು. ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಹಾಸಿಗೆಯಲ್ಲಿ ಕಾಲ ಬುಡಕ್ಕಿಟ್ಟುಕೊಳ್ಳುವ ಬಿಸಿ ಚಪ್ಪಡಿ, ಪ್ಯಾನ್‌ಕೇಕ್ ಹೊಯ್ಯುವ ಕಾವಲಿ ಎಲ್ಲವೂ ಇದರಿಂದಲೇ ಆದವು. ಆಮೇಲೆ ಎಣ್ಣೆ, ಅನಿಲದ ಹೀಟರುಗಳು ಬಂದು ಕಟ್ಟಿಗೆ ಒಲೆ ಮೂಲೆ ಸೇರಿತು. 1970ರ ದಶಕದ ತೈಲ ಬಿಕ್ಕಟ್ಟು ಅದನ್ನು ಮತ್ತೆ ನಡುಮನೆಗೆ ಕರೆತಂದಿತು. ವುಡ್‌ಸ್ಟಾಕ್ ಸೋಪ್‌ಸ್ಟೋನ್, ಹಾರ್ತ್‌ಸ್ಟೋನ್ ಕಂಪನಿಗಳು ಆ ಕಾಲದ ಕೂಸುಗಳು.

ಇಂಥ ಒಲೆಯಲ್ಲಿ ಎರಕದ ಕಬ್ಬಿಣದ ಚೌಕಟ್ಟಿಗೆ ಕಲ್ಲಿನ ಹಲಗೆಗಳನ್ನು ಕೂರಿಸಿ, ಸಂದುಗಳಿಗೆ ಕಾವು ತಾಳುವ ಸಿಮೆಂಟು ಮೆತ್ತಿರುತ್ತಾರೆ. ಎರಡು-ಮೂರು ಕ್ವಿಂಟಲ್ ತೂಗುವುದುಂಟು. ಕಾಯಲು ಗಂಟೆಗಟ್ಟಲೆ ಬೇಕು, ಆರಲೂ ಅಷ್ಟೇ ನಿಧಾನ. 100 ಕಿಲೋ ಕಲ್ಲು 150 ಡಿಗ್ರಿಯಿಂದ 50 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 2.7 ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ಕೋಣೆಗೆ ಬಿಟ್ಟುಕೊಡುತ್ತದೆ. ರಾತ್ರಿ ಬೆಂಕಿ ನಂದಿದರೂ ಬೆಳಗಿನವರೆಗೆ ಒಲೆ ಬೆಚ್ಚಗಿರುವುದು ಈ ಲೆಕ್ಕದಿಂದಲೇ.

ಕಲ್ಲನ್ನು ಇಷ್ಟು ಮೃದುವಾಗಿಸಿರುವುದು ಅದರಲ್ಲಿನ ಟಾಲ್ಕ್, ನಾವು ಮುಖಕ್ಕೆ ಹಚ್ಚುವ ಪೌಡರಿನ ಖನಿಜ. ಬೆಂಕಿಯ ಮುಂದೆ ಜಗ್ಗದ ಕಲ್ಲಿನ ಮೇಲೆ ಒಂದು ಕಬ್ಬಿಣದ ಬಾಣಲೆಯನ್ನು ಎಳೆದಾಡಿದರೆ ಸಾಕು, ಬೆಳ್ಳಗೆ ಗೀರು ಬೀಳುತ್ತದೆ. ಹಾಗಾಗಿ ಇಲ್ಲಿ ಪಾತ್ರೆಯನ್ನು ಎತ್ತಿ ಇಡಬೇಕು, ಎತ್ತಿ ತೆಗೆಯಬೇಕು, ಸರಿಸುವಂತಿಲ್ಲ. ಇನ್ನೂ ಒಳ್ಳೆಯದೆಂದರೆ ನಡುವೆ ಗಿಡ್ಡ ಕಾಲಿನ ಒಂದು ಸ್ಟ್ಯಾಂಡು. ಕಾವು ಸ್ವಲ್ಪ ಕಡಿಮೆ ತಾಗುತ್ತದೆ, ನಿಜ. ಆದರೆ ಈ ಒಲೆಯಲ್ಲಿ ಕೊತಕೊತ ಕುದಿಸುವ ಆಸೆಯನ್ನೇ ಬಿಡುವುದು ವಾಸಿ. ಸಾಮಾನ್ಯವಾಗಿ ಮೇಲ್ಗಲ್ಲು 150ರಿಂದ 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆ ಈಶಾನ್ಯ ಸೀಮೆಯ, ಅಂದರೆ ನ್ಯೂ ಇಂಗ್ಲೆಂಡಿನ ಜನ ಬೆಲ್ಲದ ಪಾಕದಂಥ ಮೊಲಾಸಿಸ್ ಸೇರಿಸಿ ದಿನವಿಡೀ ಬೇಯಿಸುವ ಬೀನ್ಸು, ಸೂಪು, ನಮ್ಮ ಹುರುಳಿಕಟ್ಟು ಇಂಥವಕ್ಕೆ ಅದು ಹದವಾದ ಕಾವು. ಒಗ್ಗರಣೆಗೆ ಗ್ಯಾಸೇ ಸರಿ. ಬೇಗ ಬೇಯಲೆಂದು ಕಟ್ಟಿಗೆ ತುರುಕುವುದಂತೂ ಗೀರಿಗಿಂತ ದೊಡ್ಡ ಅಪಾಯ. ಅತಿಯಾಗಿ ಕಾದರೆ ಸಂದಿನ ಸಿಮೆಂಟು ಬಿಡುತ್ತದೆ, ಕಲ್ಲೂ ಸೀಳಬಹುದು.

ಹುಳಿಗೆ ಈ ಕಲ್ಲು ಅಷ್ಟಾಗಿ ಅಂಜುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯಗಳ ಮೇಜುಗಳಿಗೆ ಇದನ್ನು ಹಾಸುತ್ತಿದ್ದದ್ದು ಅದಕ್ಕಾಗಿಯೇ. ಉಕ್ಕಿದ ಸಾರಿನಿಂದ ಹೆಚ್ಚು ಪೆಟ್ಟು ಚೌಕಟ್ಟಿಗೆ. ಉಪ್ಪುನೀರು ಸಂದಿಗಿಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೋಣೆಯ ಗಾಳಿ ಒಣಗದಿರಲೆಂದು ಒಲೆಯ ಮೇಲೆ ನೀರಿಡುತ್ತಾರಲ್ಲ, ಆ ಎರಕದ ಕೆಟಲ್ಲಿನ ತಳವೂ ಕಲ್ಲಿನ ಮೇಲೆ ಕೆಂಪು ಬಳೆಯೊಂದನ್ನು ಮೂಡಿಸಿಬಿಡುತ್ತದೆ. ಎನಾಮೆಲ್ ಕೆಟಲ್ಲು ಲೇಸು. ಎಣ್ಣೆ ಬಿದ್ದ ಕಡೆ ಕಲ್ಲು ಕಪ್ಪಾಗುತ್ತದೆ, ದಿನವೂ ಉರಿಸುತ್ತಿದ್ದರೆ ಕಾವಿಗೆ ನಿಧಾನವಾಗಿ ತಿಳಿಯಾಗುತ್ತದೆ. ಕಾದ ಕಲ್ಲನ್ನು ಒರೆಸಲು ತಣ್ಣೀರಿನ ಬಟ್ಟೆ ಹಿಡಿದು ಓಡುವುದು ಮಾತ್ರ ಬೇಡ.

ಇಷ್ಟೆಲ್ಲ ಜೋಪಾನ ಮಾಡಿಯೂ ಗೀರು ಬಿತ್ತೇ? ಎನಾಮೆಲ್ ಬಳಿದ ಒಲೆಯಲ್ಲಿ ಚಕ್ಕೆ ಎದ್ದರೆ ಮನೆಯಲ್ಲಿ ಸರಿಮಾಡುವುದು ಕಷ್ಟ. ಈ ಕಲ್ಲಿಗೆ ನಯವಾದ ಉಪ್ಪುಕಾಗದ ಸಾಕು. ಒಲೆ ಪೂರಾ ತಣಿದ ಮೇಲೆ ಕಾಗದವನ್ನು ಒದ್ದೆ ಮಾಡಿಕೊಂಡು ಹಗುರವಾಗಿ ಸುತ್ತ ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೊಳಪು ಕೊಟ್ಟ ಕಲ್ಲಾದರೆ ಉಜ್ಜಿದ ಜಾಗ ಮಂಕಾಗಿ ಎದ್ದು ಕಾಣುತ್ತದೆ, ಮೊದಲು ಮೂಲೆಯಲ್ಲಿ ಉಜ್ಜಿ ನೋಡುವುದು ಜಾಣತನ.

ಬೇಸಿಗೆಯಿಡೀ ಸುಮ್ಮನಿದ್ದ ಕಲ್ಲು ತೇವ ಹೀರಿರುತ್ತದೆ. ಒಮ್ಮೆಲೇ ಜೋರು ಬೆಂಕಿ ಹಾಕಿದರೆ ಆ ನೀರು ಒಳಗೇ ಆವಿಯಾಗಿ ಕಲ್ಲನ್ನು ಸೀಳೀತು. ಹಾಗಾಗಿ ಚಳಿಗಾಲದ ಮೊದಲ ಕೆಲವು ಬೆಂಕಿಗಳು ಬರೀ ಪುಳ್ಳೆ ಕಟ್ಟಿಗೆಯವು, ಒಂದೊಂದೂ ಪೂರ್ತಿ ಆರಿದ ಮೇಲೆ ಇನ್ನೊಂದು. ಅಷ್ಟು ದಿನ ಅಡುಗೆ ಬೇರೆ ಒಲೆಯ ಮೇಲೆ.