ಜಿಡ್ಡುಮುಖದ ಎರಡು ತೊಂದರೆಗಳು

ಹಣೆ, ಮೂಗು, ಮೂಗಿನ ಇಕ್ಕೆಲ, ಗದ್ದ – ಮುಖದಲ್ಲಿ ಜಿಡ್ಡು ಹೆಚ್ಚಾಗಿ ಕಾಣುವ ಜಾಗಗಳು ಇವು. ಬೆಳಿಗ್ಗೆ ತೊಳೆದ ಮುಖ ಮಧ್ಯಾಹ್ನದ ವೇಳೆಗೆ ಮತ್ತೆ ಹೊಳೆಯುತ್ತದೆಂದು ಬೇಸರಪಡುವವರು ಮನೆಮನೆಯಲ್ಲೂ ಉಂಟು. ಆದರೆ ಈ ಜಿಡ್ಡು ಕೊಳೆಯಲ್ಲ. ಚರ್ಮವು ಒಣಗಿ ಬಿರಿಯದಂತೆ ದೇಹವೇ ಒದಗಿಸಿಕೊಂಡಿರುವ ಲೇಪ. ರೋಮಗಳ ಬುಡಕ್ಕೆ ಹೊಂದಿಕೊಂಡಿರುವ ಸಣ್ಣ ತೈಲಗ್ರಂಥಿಗಳು ಇದನ್ನು ಸ್ರವಿಸುತ್ತವೆ. ದೇಹದ ಬಹುಭಾಗದಲ್ಲಿ ಒಂದು ಚದರ ಸೆಂಟಿಮೀಟರಿಗೆ ಇಂತಹ ಗ್ರಂಥಿಗಳು 100ಕ್ಕಿಂತ ಕಡಮೆ. ಮುಖದಲ್ಲಿ ಮತ್ತು ನೆತ್ತಿಯಲ್ಲಾದರೋ 400ರಿಂದ 900ರವರೆಗೂ ಇರುತ್ತವೆ. ಪ್ರಾಯ ಬರುವಾಗ ಹೆಚ್ಚುವ ಹಾರ್ಮೋನುಗಳು ಇವನ್ನು ಚುರುಕುಗೊಳಿಸುತ್ತವೆ.

ಈ ಜಾಗಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗಳು ಎರಡು. ಎರಡಕ್ಕೂ ಕಾರಣ ಬೇರೆ, ಚಿಕಿತ್ಸೆಯೂ ಬೇರೆ.

ಮೊದಲನೆಯದು ಎಲ್ಲರೂ ಬಲ್ಲ ಮೊಡವೆ. ಸತ್ತ ಚರ್ಮಕಣಗಳು ಜಿಡ್ಡಿನೊಡನೆ ಬೆರೆತು ರೋಮಕೂಪದ ಬಾಯಿಯಲ್ಲಿ ಬಿರಡೆಯಂತೆ ಕೂರುತ್ತವೆ. ಬಾಯಿ ತೆರೆದಿದ್ದರೆ ಅದೇ ಕಪ್ಪುಚುಕ್ಕೆ. ಆ ಕಪ್ಪು ಧೂಳಿನದಲ್ಲ. ಚರ್ಮದ ವರ್ಣದ್ರವ್ಯದಿಂದಲೂ ಗಾಳಿಯ ಸಂಪರ್ಕದಿಂದಲೂ ಬಂದದ್ದು. ಆದ್ದರಿಂದಲೇ ಎಷ್ಟು ಉಜ್ಜಿದರೂ ಅದು ಹೋಗದು. ಬಾಯಿ ಮುಚ್ಚಿಹೋದರೆ ಒಳಗಿನ ಜಿಡ್ಡಿನಲ್ಲಿ ಬ್ಯಾಕ್ಟೀರಿಯಗಳು ವೃದ್ಧಿಯಾಗಿ ಊತ, ಕೆಂಪು, ಕೀವು ಕಾಣಿಸಿಕೊಳ್ಳುತ್ತವೆ. ತಲೆಗೆ ಧಾರಾಳವಾಗಿ ಹಚ್ಚಿದ ಎಣ್ಣೆ ಹಣೆಗೆ ಇಳಿದರೂ ಅಲ್ಲಿ ಮೊಡವೆ ಏಳುವುದುಂಟು.

ಮೊಡವೆಯನ್ನು ಹಿಸುಕಬಾರದೆಂದು ಹಿರಿಯರು ಹೇಳುವ ಮಾತಿಗೆ ಆಧಾರವಿದೆ. ಹಿಸುಕಿದರೆ ಕೀವು ಆಳಕ್ಕಿಳಿದು ಕುಳಿ ಬೀಳಬಹುದು. ನಮ್ಮಂಥ ಶ್ಯಾಮಲ ಚರ್ಮದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ರಕ್ತನಾಳಗಳಿಗೆ ಮಿದುಳಿನ ಬುಡದ ನಾಳಗಳೊಡನೆ ಸಂಬಂಧವಿರುವುದರಿಂದ, ಅಲ್ಲಿಯ ಕುರುವನ್ನು ಹಿಸುಕುವುದು, ಅಪರೂಪಕ್ಕಾದರೂ, ಪ್ರಾಣಾಪಾಯವನ್ನು ತರಬಲ್ಲುದು. ಸಾಧಾರಣ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಒಳ್ಳೆಯ ಮದ್ದು. ಶೇಕಡ 2.5ರ ಲೇಪವೇ ಸಾಕು. ಹೆಚ್ಚಿನದು ಉರಿಯನ್ನು ಹೆಚ್ಚಿಸುತ್ತದೆ. ಬಟ್ಟೆಗೆ ತಗುಲಿದರೆ ಬಣ್ಣ ಬಿಡುತ್ತದೆ, ಎಚ್ಚರ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ನಾಲ್ಕು ದಿನ ಹಚ್ಚಿ ಬಿಟ್ಟವರೇ ಮದ್ದನ್ನು ದೂರುವವರು.

ಎರಡನೆಯದು ಸೆಬೊರಿಕ್ ಡರ್ಮಟೈಟಿಸ್. ಮೂಗಿನ ಅಂಚು, ಹುಬ್ಬು, ಕಿವಿಯ ಹಿಂಭಾಗ, ನೆತ್ತಿ – ಇಲ್ಲಿ ಚರ್ಮ ಕೆಂಪಾಗಿ, ಅಥವಾ ಬಣ್ಣಗೆಟ್ಟು, ಹಳದಿ ಛಾಯೆಯ ಜಿಡ್ಡು ಹೊಟ್ಟು ಏಳುತ್ತದೆ, ತುರಿಕೆಯೂ ಉಂಟು. ತಲೆಹೊಟ್ಟು ಇದರದೇ ಸೌಮ್ಯ ರೂಪ. ಹೊಟ್ಟನ್ನು ಕಂಡೊಡನೆ ಚರ್ಮ ಒಣಗಿದೆಯೆಂದು ಬಗೆದು ಎಣ್ಣೆ ತಿಕ್ಕುವುದು ವಾಡಿಕೆ. ಆಗುವುದು ವಿಪರೀತವೇ. ಎಲ್ಲರ ಚರ್ಮದಲ್ಲೂ ವಾಸಿಸುವ ಮಲಸೇಜಿಯ ಎಂಬ ಸೂಕ್ಷ್ಮ ಶಿಲೀಂಧ್ರಕ್ಕೆ ಈ ತೊಂದರೆಯಲ್ಲಿ ಪಾತ್ರವಿದೆ. ಅದಕ್ಕೆ ಜಿಡ್ಡೇ ಆಹಾರ. 1874ರಲ್ಲಿ ಇದನ್ನು ವರ್ಣಿಸಿದ ಫ್ರಾನ್ಸಿನ ಲೂಯಿ ಮಲಸೇ ಅವರಿಂದ ಆ ಹೆಸರು ಬಂದಿದೆ. ಇದು ಅಂಟುರೋಗವಲ್ಲ. ಶೇಕಡ 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ ತಲೆಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದರೆ, ಎರಡರಿಂದ ನಾಲ್ಕು ವಾರಗಳಲ್ಲಿ ಹತೋಟಿಗೆ ಬರುತ್ತದೆ. ಮುಖಕ್ಕೆ ಇದೇ ಮದ್ದಿನ ಲೇಪವಿದೆ. ಛಳಿಗಾಲದಲ್ಲಿ, ಮನಸ್ಸಿಗೆ ಆಯಾಸವಾದಾಗ ಇದು ಮರುಕಳಿಸುವುದು ಸ್ವಭಾವ, ಅದಕ್ಕೆ ಎದೆಗುಂದಬೇಕಾಗಿಲ್ಲ.

ಇವೆರಡಕ್ಕಿಂತ ಹೆಚ್ಚು ಹಾನಿ ಮಾಡುವುದು ಅಂಗಡಿಯವರನ್ನೋ ನೆರೆಯವರನ್ನೋ ಕೇಳಿ ತಂದ ಸ್ಟೀರಾಯ್ಡ್ ಮುಲಾಮು. ಬೀಟಮೆಥಸೋನ್, ಕ್ಲೋಬೆಟಸಾಲ್ ಮುಂತಾದವು ಇದರಲ್ಲಿರುತ್ತವೆ. ಹಚ್ಚಿದ ಎರಡೇ ದಿನದಲ್ಲಿ ಮುಖ ತಿಳಿಯಾಗುತ್ತದೆ. ಬಣ್ಣವೂ ಬಿಳುಪಾದಂತೆ ತೋರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ನವುರಾದ ರಕ್ತನಾಳಗಳು ಎದ್ದು ಕಂಡು, ಹೊಸ ಮೊಡವೆಗಳೇಳುತ್ತವೆ. ಬಿಟ್ಟರೆ ಉರಿ, ಬಿಡದಿದ್ದರೆ ಹಾನಿ ಎಂಬ ಇಕ್ಕಟ್ಟು ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕ ಔಷಧಗಳ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕೇ. ಕೊಳವೆಯ ಮೇಲಿನ ಹೆಸರುಗಳನ್ನು ಓದಿ ನೋಡಿ. ಆಗಲೇ ಬಹುಕಾಲ ಹಚ್ಚಿದ್ದರೆ ತಟ್ಟನೆ ನಿಲ್ಲಿಸದೆ ವೈದ್ಯರನ್ನು ಕಾಣಿರಿ.

ನಿತ್ಯದ ಆರೈಕೆ ಸುಲಭ. ದಿನಕ್ಕೆರಡು ಸಲ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆಯಿರಿ, ಒರಟಾಗಿ ಉಜ್ಜಬೇಡಿ. ನೋಯುವ ಗಂಟುಗಳು, ಕುಳಿಬೀಳುವ ಮೊಡವೆಗಳು, ಮದ್ದಿಗೆ ಬಗ್ಗದ ಹೊಟ್ಟು – ಇವಕ್ಕೆ ಚರ್ಮವೈದ್ಯರೇ ಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮೊಡವೆಯ ಯಾವ ಮದ್ದನ್ನೂ ಬಳಸಬಾರದು. ಪ್ರಾಯದ ಮಕ್ಕಳು ಮುಖದ ದೆಸೆಯಿಂದ ನಾಲ್ಕು ಜನರ ನಡುವೆ ಬರಲು ಹಿಂಜರಿದರೆ, ಅದನ್ನು ನಗೆಯ ಮಾತಾಗಿ ತಳ್ಳಿಹಾಕದೆ ಬೇಗ ಚಿಕಿತ್ಸೆ ಕೊಡಿಸುವುದು ಮನೆಯವರ ಕರ್ತವ್ಯ. ಮೊಡವೆ ವಾಸಿಯಾಗುತ್ತದೆ; ಬಿದ್ದ ಕುಳಿ ಸುಲಭದಲ್ಲಿ ತುಂಬುವುದಿಲ್ಲ.