ಸಾಕಣೆ ಮೀನಿನ ಬೆನ್ನೆಲುಬು: ಬೆಳವಣಿಗೆ ಮತ್ತು ವಕ್ರತೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆಯು ಭತ್ತದ ಕಣಜವೆನಿಸಿತು. ಕಾಲಕ್ರಮದಲ್ಲಿ ಗದ್ದೆಗಳ ಮಗ್ಗುಲಲ್ಲಿ ಮೀನುಹೊಂಡಗಳೂ ಬಂದವು. ಕಾಟ್ಲಾ, ರೋಹು ಮೊದಲಾದ ಗೆಂಡೆ ಮೀನುಗಳ ಸಾಕಣೆಯಲ್ಲಿ ಒಮ್ಮೊಮ್ಮೆ ಬೆನ್ನು ಸೊಟ್ಟಾದ ಮೀನುಗಳು ಬಲೆಗೆ ಬರುವುದುಂಟು. ಇಂಥವು ಸರಿಯಾಗಿ ಈಜಲಾರವು, ತೂಕ ಹಿಡಿಯಲಾರವು. ಕೊಳ್ಳುವವರೂ ಅವನ್ನು ಒಲ್ಲರು. ಕುಡಿಯುವ ನೀರಿನ ಫ್ಲೋರೈಡಿನಿಂದ ಮನುಷ್ಯರ ಎಲುಬು ಕೆಡುವುದನ್ನು ಬಲ್ಲ ಲಿಂಗಸುಗೂರು, ಮಸ್ಕಿ ಭಾಗದವರಿಗೆ ಇದೂ ನೀರಿನದೇ ದೋಷವೆಂದು ತೋರುವುದು ಸಹಜ. ಆದರೆ ಮೀನಿನ ವಕ್ರತೆಗೆ ಕಾರಣವನ್ನು ಮೊಟ್ಟೆ, ಮರಿ ಮತ್ತು ಮೇವುಗಳಲ್ಲಿಯೂ ಹುಡುಕಬೇಕಾಗುತ್ತದೆ.

ಗೆಂಡೆಯ ಮೊಟ್ಟೆಯು ಬೆಚ್ಚನೆಯ ನೀರಿನಲ್ಲಿ ಒಂದು ದಿನದೊಳಗೇ ಒಡೆಯುತ್ತದೆ. ಆಗ ಮರಿಗೆ ಎಲುಬಿಲ್ಲ. ಬೆನ್ನಿನುದ್ದಕ್ಕೂ ಮೆತ್ತನೆಯ ದಂಡವೊಂದಿರುತ್ತದೆ. ಅದರ ಸುತ್ತ ಬೆನ್ನುಮಣಿಗಳು ಮೂಡಿ, ಮುಂದಿನ ವಾರಗಳಲ್ಲಿ ಸುಣ್ಣ ಮತ್ತು ರಂಜಕವನ್ನು ಹೀರಿ ಗಟ್ಟಿಯಾಗುತ್ತವೆ. ಈ ಅವಧಿಯಲ್ಲಿ ನೀರಿನ ಉಷ್ಣತೆ ಮಿತಿಮೀರಿದರೆ, ಪ್ರಾಣವಾಯು ಕಡಿಮೆಯಾದರೆ ಮಣಿಗಳು ಬೆಸೆದುಕೊಳ್ಳಬಹುದು. ಬೆನ್ನು ಗೂನಾಗಬಹುದು ಅಥವಾ ಪಕ್ಕಕ್ಕೆ ಬಾಗಬಹುದು.

ಮೇವಿನ ಪಾತ್ರವೂ ಹಿರಿದು. ಮೀನು ಸುಣ್ಣವನ್ನು ಕಿವಿರುಗಳ ಮೂಲಕ ನೀರಿನಿಂದಲೇ ಪಡೆಯಬಲ್ಲುದು. ರಂಜಕವು ಮಾತ್ರ ಬಹುಪಾಲು ಮೇವಿನಿಂದಲೇ ಬರಬೇಕು. ಅಕ್ಕಿ ತೌಡು, ಶೇಂಗಾ ಹಿಂಡಿಗಳಲ್ಲಿ ರಂಜಕವಿದ್ದರೂ ಅದರ ಹೆಚ್ಚಿನ ಅಂಶವನ್ನು ಜಠರವಿಲ್ಲದ ಗೆಂಡೆಯು ಅರಗಿಸಿಕೊಳ್ಳಲಾರದು. ಎಲುಬಿನ ನಾರನ್ನು ಬಲಪಡಿಸುವ 'ಸಿ' ಜೀವಸತ್ವವನ್ನೂ ಅದು ಮೇವಿನಿಂದಲೇ ಪಡೆಯಬೇಕು. ಹೊಂಡದ ಸೂಕ್ಷ್ಮಜೀವಿಗಳು ಈ ಕೊರತೆಯನ್ನು ಕೊಂಚ ತುಂಬುತ್ತವೆ. ಮರಿಗಳು ದಟ್ಟವಾದಂತೆ ಅವು ಸಾಲದಾಗುತ್ತವೆ. ಬಹುಕಾಲ ದಾಸ್ತಾನಿಟ್ಟ ಮೇವಿನಲ್ಲಿ ಈ ಜೀವಸತ್ವ ನಶಿಸುತ್ತದೆ.

ಇನ್ನೊಂದು ಕಾರಣ ಗದ್ದೆಯಿಂದ ಬರುವುದು. ಮೆಲಾಥಿಯಾನ್‌ನಂಥ ಕೀಟನಾಶಕ ಹೊಂಡಕ್ಕೆ ಹರಿದರೆ ಮರಿಯ ಸ್ನಾಯುಗಳು ಸೆಡೆತು ಎಳೆಯ ಬೆನ್ನೆಲುಬನ್ನೇ ಬಾಗಿಸಬಲ್ಲವು.

ವಂಶದೋಷವನ್ನೂ ಮರೆಯಲಾಗದು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಭಾರತೀಯ ಗೆಂಡೆಗಳ ಸಂತಾನೋತ್ಪತ್ತಿಯನ್ನು ಸಾಧಿಸಿದ ತರುವಾಯ, ನದಿಯ ಮರಿಗಳ ಸ್ಥಾನವನ್ನು ಉತ್ಪಾದನಾ ಕೇಂದ್ರಗಳ ಮರಿಗಳು ಪಡೆದವು. ಕೆಲವೇ ತಾಯಿ-ತಂದೆ ಮೀನುಗಳಿಂದ ವರ್ಷವರ್ಷವೂ ಮರಿ ಪಡೆದರೆ ಹತ್ತಿರದ ರಕ್ತಸಂಬಂಧವು ಬೆಳೆದು ಅಂಗವಿಕಲತೆ ಹೆಚ್ಚುತ್ತದೆ.

ಒಮ್ಮೆ ಬಾಗಿ ಬಲಿತ ಎಲುಬನ್ನು ನೇರಗೊಳಿಸುವ ಔಷಧವಿಲ್ಲ. ಆದುದರಿಂದ ಮರಿ ಕೊಳ್ಳುವಾಗ ಒಂದು ಹಿಡಿಯನ್ನು ಬಿಳಿಯ ತಟ್ಟೆಯ ನೀರಿಗೆ ಬಿಟ್ಟು ಮೇಲಿನಿಂದಲೂ ಪಕ್ಕದಿಂದಲೂ ಪರೀಕ್ಷಿಸುವುದು ಲೇಸು. ತಾಜಾ ಮೇವು ಹಾಕುವುದು, ಸಿಂಪಡಣೆಯಾದ ಗದ್ದೆಯ ನೀರು ಹೊಂಡಕ್ಕೆ ಸೇರದಂತೆ ಬದು ಕಟ್ಟುವುದು ಅಷ್ಟೇ ಅವಶ್ಯ. ವರ್ಷದ ಫಲವು ಮರಿಯ ಮೊದಲ ಕೆಲವು ವಾರಗಳ ಆರೈಕೆಯನ್ನೇ ಬಹುಮಟ್ಟಿಗೆ ಅವಲಂಬಿಸಿದೆ.